ಸಂಜೆ ಆರೂವರೆಗೆ ಶುರುವಾಗುವ ಅಳು

ಮೊನ್ನೆ ಸಂಜೆ ತಂಗಿ ಫೋನ್ ಮಾಡಿದಳು. ಅವಳ ಮಾತಿಗಿಂತ ಮೊದಲು ಕೇಳಿಸಿದ್ದು ಮಗುವಿನ ಅಳು. ಮೂರು ವಾರದ ಕೂಸು. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ! "ಅಣ್ಣಾ, ಹಾಲು ಕುಡಿಸಾಯ್ತು, ಬಟ್ಟೆ ಬದಲಾಯಿಸಾಯ್ತು, ಎತ್ಕೊಂಡು ಓಡಾಡಿ ಕಾಲೆಲ್ಲ ಬಿದ್ದುಹೋಯ್ತು, ನಿಲ್ಲಿಸ್ತಾನೇ ಇಲ್ಲ. ನಾನೇ ಏನೋ ತಪ್ಪು ಮಾಡ್ತಿದೀನಿ ಅನ್ಸುತ್ತೆ" ಎಂದಳು.

ಗಡಿಯಾರ ನೋಡಿದೆ. ಏಳೂಕಾಲು. "ನಿನ್ನೆ ಎಷ್ಟೊತ್ತಿಗೆ ಶುರು ಮಾಡಿದ್ದ?" ಎಂದು ಕೇಳಿದೆ.

"ಹೆಚ್ಚುಕಮ್ಮಿ ಇದೇ ಹೊತ್ತಿಗೆ."

"ಮೊನ್ನೆ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇದೇ ಹೊತ್ತಿಗೆ ಅಣ್ಣಾ."

ಫೋನ್ ಇಟ್ಟ ಮೇಲೆ ಬೀರುವಿನ ಕೆಳಗಿನ ಖಾನೆಯಿಂದ ಒಂದು ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ನಾಲ್ಕು ವರ್ಷದ ಹಿಂದೆ ಮಗಳು ಹುಟ್ಟಿದಾಗ ಅದರಲ್ಲಿ ನಾನು ಬರೆದಿಟ್ಟಿದ್ದು ಒಂದೇ ವಿಷಯ: ಯಾವಾಗ ಅಳು ಶುರುವಾಯಿತು, ಯಾವಾಗ ನಿಂತಿತು, ನಡುವೆ ನಾವು ಏನೇನು ಮಾಡಿದೆವು. ಬೇರೆ ಅಪ್ಪಂದಿರು ಮಗುವಿನ ಮೊದಲ ನಗುವಿನ ತಾರೀಖು ಬರೆದಿಡುತ್ತಾರಂತೆ. ನನ್ನದರಲ್ಲಿ ಬರೀ ಅಳುವಿನ ಲೆಕ್ಕ. ಆದರೆ ಆ ಮೂರು ತಿಂಗಳು ನಮ್ಮ ತಲೆ ನೆಟ್ಟಗಿದ್ದದ್ದು ಆ ನೋಟ್‌ಬುಕ್‌ನಿಂದಲೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಂಗಿಗೆ ಫೋನಿನಲ್ಲಿ ಎಲ್ಲ ಹೇಳುವುದಕ್ಕೆ ಆಗಲಿಲ್ಲ. ಆ ಗಲಾಟೆಯಲ್ಲಿ ಯಾರಿಗೆ ಏನು ಕೇಳುತ್ತದೆ ಹೇಳಿ.

ಮಗಳಿಗೆ ಹದಿನೇಳನೇ ದಿನ ಶುರುವಾಯಿತು. ಅಲ್ಲಿಯವರೆಗೆ ಕುಡಿಯುವುದು, ಮಲಗುವುದು, ಮತ್ತೆ ಕುಡಿಯುವುದು. "ಎಷ್ಟು ಸಾಧು ಮಗು" ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ಆ ದಿನ ಸಂಜೆ ಆರೂವರೆಗೆ ಏನೂ ಕಾರಣವಿಲ್ಲದೆ ಕಿಟಾರನೆ ಕಿರುಚಿದಳು. ಹಸಿವಿನ ಅಳುವಿಗೆ ಒಂದು ಪೀಠಿಕೆ ಇರುತ್ತದೆ. ಬಾಯಿ ಚಪ್ಪರಿಸುವುದು, ಕತ್ತು ಆಚೆ ಈಚೆ ತಿರುಗಿಸುವುದು, ಕೈ ಬಾಯಿಗೆ ಹಾಕುವುದು, ಆಮೇಲೆ ಅಳು. ಇದಕ್ಕೆ ಅದೇನೂ ಇರಲಿಲ್ಲ. ಮುಖ ಕೆಂಡದ ಹಾಗೆ, ಹಣೆ ಸುಕ್ಕು, ಮುಷ್ಟಿ ಬಿಗಿ, ಮಂಡಿ ಮಡಚಿ ಹೊಟ್ಟೆಗೆ ಎಳೆದುಕೊಂಡಿದ್ದಾಳೆ, ಹೊಟ್ಟೆ ಮುಟ್ಟಿದರೆ ಗಟ್ಟಿ. ನಡುವೆ ಹೂಸು ಬೇರೆ. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು, ಬಾಯಿ ಬಿಟ್ಟು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮತ್ತೆ ಶುರು. ಒಂಬತ್ತು ಗಂಟೆಗೆ ಹೇಗೆ ಶುರುವಾಯಿತೋ ಹಾಗೇ ನಿಂತಿತು. ನಾವು ಇನ್ನೂ ನಡುಗುತ್ತಿದ್ದೆವು, ಅವಳು ನಿದ್ದೆ ಹೋಗಿದ್ದಳು.

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ.

ಇದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು ಕಾಲಿಕ್. ದೊಡ್ಡಕರುಳಿನ ಗ್ರೀಕ್ ಹೆಸರಿನಿಂದ ಬಂದ ಮಾತು. ಹಾಗಾಗಿ ಎಲ್ಲರೂ ಹೊಟ್ಟೆನೋವು ಎಂದೇ ಅಂದುಕೊಳ್ಳುತ್ತಾರೆ. ಹೊಟ್ಟೆಯೇ ಕಾರಣ ಎಂದು ಇವತ್ತಿನವರೆಗೆ ಯಾರೂ ಗಟ್ಟಿಯಾಗಿ ತೋರಿಸಿಲ್ಲ. ಗ್ಯಾಸ್ ಇರುತ್ತದೆ ನಿಜ, ಆದರೆ ಎಷ್ಟೋ ಸಲ ಗ್ಯಾಸ್‌ನಿಂದ ಅಳು ಬರುವುದಲ್ಲ, ಬಾಯಿ ತೆರೆದು ಅಳುವಾಗ ಗಾಳಿ ನುಂಗಿ ನುಂಗಿ ಗ್ಯಾಸ್ ಆಗುವುದು. ನಮ್ಮ ಭಾಷೆಯ 'ರಚ್ಚೆ ಹಿಡಿಯುವುದು' ಎಂಬ ಮಾತೇ ನನಗೆ ಇಷ್ಟ. ಅದು ಕಾರಣ ಹೇಳಲು ಹೋಗುವುದಿಲ್ಲ, ಆಗುವುದನ್ನು ಹೇಳಿ ಸುಮ್ಮನಾಗುತ್ತದೆ.

1954ರಲ್ಲಿ ಮಾರಿಸ್ ವೆಸಲ್ ಎಂಬ ಅಮೆರಿಕದ ಮಕ್ಕಳ ಡಾಕ್ಟರು ಮತ್ತು ಅವರ ಜೊತೆಯವರು ಇದಕ್ಕೊಂದು ಅಳತೆ ಕೊಟ್ಟರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರದಲ್ಲಿ 3 ದಿನಕ್ಕಿಂತ ಜಾಸ್ತಿ, ಹೀಗೆ 3 ವಾರಕ್ಕಿಂತ ಜಾಸ್ತಿ ಅತ್ತರೆ ಕಾಲಿಕ್ ಎಂದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡವರು ಮೂರು ವಾರ ಕಾದು ಆಮೇಲೆ ಹೆಸರಿಡಬೇಕಾ? 2016ರಲ್ಲಿ ಬಂದ ರೋಮ್ 4 ಎಂಬ ಮಾನದಂಡದಲ್ಲಿ ಡಾಕ್ಟರ ತಪಾಸಣೆಗೆ ಈ ಗಂಟೆ ಲೆಕ್ಕವನ್ನು ಕೈಬಿಟ್ಟರು. ಐದು ತಿಂಗಳೊಳಗಿನ ಮಗು, ಮೇಲಿಂದ ಮೇಲೆ ತುಂಬಾ ಹೊತ್ತು ಅಳುತ್ತದೆ, ಕಾರಣ ಕಾಣುವುದಿಲ್ಲ, ಮನೆಯವರು ಏನು ಮಾಡಿದರೂ ನಿಲ್ಲುವುದಿಲ್ಲ, ಆದರೆ ಜ್ವರವಿಲ್ಲ, ಕಾಯಿಲೆಯ ಗುರುತಿಲ್ಲ, ಬೆಳವಣಿಗೆ ಸರಿಯಾಗಿದೆ. ಇಷ್ಟಿದ್ದರೆ ಕಾಲಿಕ್. ಸುಮಾರು ಐದರಲ್ಲಿ ಒಂದು ಮಗುವಿಗೆ ಬರುತ್ತದೆ.

ಆ 'ಬೆಳವಣಿಗೆ ಸರಿಯಾಗಿದೆ' ಎಂಬ ಮಾತೇ ಮುಖ್ಯ. ನಾಲ್ಕನೇ ವಾರದಲ್ಲಿ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಅಳುವನ್ನು ಕೇಳಿಸಲು ಹೊರಟೆ. ಅವರು ಅರ್ಧ ನಿಮಿಷ ಕೇಳಿ, ಸಾಕು ಎಂದು ಕೈ ತೋರಿಸಿ, ಬಟ್ಟೆಯೆಲ್ಲ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿ ಎಂದರು. ನನಗೆ ಸ್ವಲ್ಪ ಬೇಜಾರೇ ಆಯಿತು. ಅಳುವಿನ ಬಗ್ಗೆ ಹೇಳಲು ಬಂದರೆ ಇವರು ತೂಕ ನೋಡುತ್ತಿದ್ದಾರಲ್ಲ ಎಂದು. ಆಮೇಲೆ ಅರ್ಥವಾಯಿತು. ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂನಷ್ಟು ತೂಕ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹೊಟ್ಟೆಗೆ ಹಾಲು ಸಾಲುತ್ತಿದೆ ಎಂದೇ ಲೆಕ್ಕ. "ಹಾಲು ಸಾಲ್ತಿಲ್ಲ ಅನ್ಸುತ್ತೆ" ಎಂದು ನನ್ನ ಹೆಂಡತಿಗೆ ಆ ವಾರ ಕನಿಷ್ಠ ನಾಲ್ಕು ಜನ ಹೇಳಿದ್ದರು. ಹೇಳಿದವರಿಗೆ ಅದು ಒಂದು ಮಾತು. ಅವಳು ಅದನ್ನೇ ನೆನೆಸಿಕೊಂಡು ಬಚ್ಚಲುಮನೆಯಲ್ಲಿ ಅತ್ತಿದ್ದಳು. ಎದೆಹಾಲು ಕುಡಿಯುವ ಮಕ್ಕಳಿಗೂ ಬಾಟಲಿ ಹಾಲು ಕುಡಿಯುವ ಮಕ್ಕಳಿಗೂ, ಗಂಡಿಗೂ ಹೆಣ್ಣಿಗೂ, ಮೊದಲ ಮಗುವಿಗೂ ಮೂರನೆಯದಕ್ಕೂ ಕಾಲಿಕ್ ಒಂದೇ ರೀತಿ ಬರುತ್ತದೆ. ತಕ್ಕಡಿಯ ಮುಳ್ಳು ನೋಡಿದ ದಿನ ಅವಳ ಮುಖದಲ್ಲಿ ಬಂದ ಕಳೆ ನನಗೆ ಇನ್ನೂ ನೆನಪಿದೆ.

ಡಾಕ್ಟರು ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನ ಒಂದೊಂದು ಬೆರಳನ್ನೂ ಬಿಡಿಸಿ ನೋಡಿದರು. ಯಾಕೆ ಎಂದು ಕೇಳಿದೆ. ಬಾಣಂತಿಯರಿಗೆ ಕೂದಲು ಜಾಸ್ತಿ ಉದುರುತ್ತದೆ, ಒಂದು ಎಳೆ ಕೂದಲು ಮಗುವಿನ ಬೆರಳಿಗೋ ಗಂಡುಮಗುವಾದರೆ ಶಿಶ್ನಕ್ಕೋ ಸುತ್ತಿಕೊಂಡು ರಕ್ತ ಓಡದ ಹಾಗೆ ಬಿಗಿದುಬಿಡುತ್ತದೆ, ಮಗು ಪ್ರಾಣ ಹೋದ ಹಾಗೆ ಅಳುತ್ತದೆ, ಕಾಲುಚೀಲದೊಳಗೆ ಯಾರಿಗೂ ಕಾಣುವುದಿಲ್ಲ ಎಂದರು. ಇದು ನನಗೆ ಹೊಳೆಯುವ ಸಾಧ್ಯತೆಯೇ ಇರಲಿಲ್ಲ. ಅವತ್ತಿನಿಂದ ರಚ್ಚೆ ಹಿಡಿದಾಗಲೆಲ್ಲ ಮೊದಲ ಕೆಲಸ ಅದೇ: ಬಟ್ಟೆ ಪೂರ್ತಿ ಬಿಚ್ಚಿ, ದೀಪದ ಬೆಳಕಿನಲ್ಲಿ ಇಪ್ಪತ್ತು ಬೆರಳು ನೋಡುವುದು, ತೊಡೆಸಂದಿಯಲ್ಲಿ ಗಂಟು ಊದಿದೆಯಾ ನೋಡುವುದು (ಹರ್ನಿಯಾ ಅಲ್ಲೇ ಕಾಣುವುದು), ಜ್ವರ ನೋಡುವುದು.

ಇನ್ನು ಯಾವುದು ಕಾಲಿಕ್ ಅಲ್ಲ ಎಂದು ಗೊತ್ತಿರಬೇಕು, ಇದೊಂದನ್ನು ದಯವಿಟ್ಟು ಓದಿ ಮರೆಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಹೊರಡಬೇಕು. ಹಸಿರು ವಾಂತಿ ಆದರೂ ಅಷ್ಟೇ, ಕರುಳು ಕಟ್ಟಿಕೊಂಡಿರಬಹುದು. ಪ್ರತಿಸಲ ಕುಡಿದ ಮೇಲೆ ಹಾಲು ಕಾರಂಜಿ ಹಾಗೆ ದೂರಕ್ಕೆ ಚಿಮ್ಮಿದರೆ ತೋರಿಸಬೇಕು, ತುಟಿಯಂಚಲ್ಲಿ ಸ್ವಲ್ಪ ಕಕ್ಕುವುದು ಬೇರೆ, ಇದು ಬೇರೆ. ಮಲದಲ್ಲಿ ರಕ್ತ, ಹಾಲನ್ನೇ ಬೇಡ ಎನ್ನುವುದು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದು ಅಥವಾ ಗುಳಿ ಬೀಳುವುದು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಉಸಿರಾಡಲು ಒದ್ದಾಡುವುದು, ಯಾವತ್ತೂ ಕೇಳದ ತೀರಾ ಕೀರಲು ಅಥವಾ ತೀರಾ ಕ್ಷೀಣ ದನಿಯ ಅಳು. ಇವು ಯಾವುದೂ ಕಾಲಿಕ್ ಅಲ್ಲ. ಕಾಲಿಕ್ ಮಗು ಅಳುವ ಹೊತ್ತು ಬಿಟ್ಟರೆ ಉಳಿದ ಹೊತ್ತು ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮಗಳನ್ನು ನೋಡಿದವರು ನಾವು ಸುಳ್ಳು ಹೇಳುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು.

"ಆರು ವಾರ ಆಗೋವರೆಗೆ ಜಾಸ್ತಿ ಆಗುತ್ತೆ, ಆಮೇಲೆ ಇಳಿಯುತ್ತೆ, ಮೂರ್ನಾಲ್ಕು ತಿಂಗಳಿಗೆ ನಿಲ್ಲುತ್ತೆ" ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದು ನಾನು ನೋಟ್‌ಬುಕ್ ಶುರು ಮಾಡಿದೆ, ನಿಜ ಹೇಳಬೇಕೆಂದರೆ ಅವರ ಮಾತು ಸುಳ್ಳು ಎಂದು ತೋರಿಸಲು. 1962ರಲ್ಲಿ ಟಿ. ಬೆರಿ ಬ್ರೇಜಲ್ಟನ್ ಎಂಬ ಡಾಕ್ಟರು 80 ತಾಯಂದಿರ ಕೈಯಲ್ಲಿ ಹೀಗೇ ಅಳುವಿನ ಡೈರಿ ಬರೆಸಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಅವು ಕಾಯಿಲೆಯಿಲ್ಲದ ಮಾಮೂಲಿ ಮಕ್ಕಳು. ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ, ಆರನೇ ವಾರದಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ, ಆಮೇಲೆ ಇಳಿತ. ಅಂದರೆ ಎಲ್ಲ ಮಕ್ಕಳ ಅಳುವಿಗೂ ಈ ಗುಡ್ಡ ಇದ್ದೇ ಇದೆ, ಕೆಲವರ ಗುಡ್ಡ ಎತ್ತರ, ಅಷ್ಟೇ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಈ ಆರು ವಾರವನ್ನು ಹುಟ್ಟಿದ ದಿನದಿಂದ ಎಣಿಸಬಾರದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು.

ನನ್ನ ಪುಟಗಳಲ್ಲಿ ಆರನೇ ವಾರದ ಬುಧವಾರ: 4 ಗಂಟೆ 10 ನಿಮಿಷ. ಪಕ್ಕದಲ್ಲಿ ನಾನು ಏನೋ ಬರೆದು ಹೊಡೆದುಹಾಕಿದ್ದೇನೆ, ಈಗ ಓದಲು ಬರುವುದಿಲ್ಲ.

ಸಮಾಧಾನ ಮಾಡುವ ವಿಷಯಕ್ಕೆ ಬರೋಣ. ಒಂದು ಮಾತು ಮೊದಲೇ ಹೇಳುತ್ತೇನೆ. ಮಂಗಳವಾರ ಕೆಲಸ ಮಾಡಿದ್ದು ಬುಧವಾರ ಕೆಲಸ ಮಾಡುವುದಿಲ್ಲ. ನಾವು ಮೊದಲು ಮಾಡುತ್ತಿದ್ದ ದೊಡ್ಡ ತಪ್ಪು ಅಂದರೆ ಅರ್ಧ ನಿಮಿಷಕ್ಕೊಂದು ಉಪಾಯ. ನಾನು ತಟ್ಟುವುದು, ಹೆಂಡತಿ ಕಿತ್ತುಕೊಂಡು ತೂಗುವುದು, ಅಮ್ಮ ಬಂದು ಗಿಲಕಿ ಆಡಿಸುವುದು, ಒಬ್ಬರು ದೀಪ ಹಾಕುವುದು, ಇನ್ನೊಬ್ಬರು ಆರಿಸುವುದು. ದೊಡ್ಡವರಿಗೇ ತಲೆ ಕೆಡುವ ಈ ಗದ್ದಲದಲ್ಲಿ ಐದು ವಾರದ ಮಗು ಸುಮ್ಮನಾಗುತ್ತದಾ? ನೋಟ್‌ಬುಕ್ ನೋಡಿದಾಗಲೇ ಇದು ಹೊಳೆದದ್ದು, ಯಾವುದು ಕೆಲಸ ಮಾಡಿತು ಎಂದು ಬರೆಯಲು ಹೋದರೆ ಯಾವುದನ್ನೂ ಎರಡು ನಿಮಿಷ ಪೂರ್ತಿ ಮಾಡಿರಲೇ ಇಲ್ಲ. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆವು. ಒಂದು ಹೊತ್ತಿಗೆ ಒಬ್ಬರ ಕೈಯಲ್ಲೇ ಮಗು, ಒಂದು ಉಪಾಯಕ್ಕೆ ಐದು ನಿಮಿಷ, ಕೋಣೆಯಲ್ಲಿ ಮಂದ ಬೆಳಕು, ಉಳಿದವರು ಆಚೆ.

ನಮಗೆ ಜಾಸ್ತಿ ಸಲ ಕೈಹಿಡಿದದ್ದು ನಡಿಗೆ. ಎದೆಗೆ ಒತ್ತಿ ಹಿಡಿದು, ಕತ್ತಿಗೆ ಆಧಾರ ಕೊಟ್ಟು, ಒಂದೇ ಹದದಲ್ಲಿ, ನಿಲ್ಲದೆ, ಗಿರಕಿ ಹೊಡೆಯದೆ ಸುಮ್ನೆ ನಡೆಯುವುದು. ಜಪಾನಿನ ಕುಮಿ ಕುರೋಡಾ ಎಂಬ ವಿಜ್ಞಾನಿಯ ತಂಡ 2022ರಲ್ಲಿ 21 ಮಕ್ಕಳ ಮೇಲೆ ಇದನ್ನೇ ನೋಡಿದೆ. ಐದು ನಿಮಿಷ ಎತ್ತಿಕೊಂಡು ನಡೆದರೆ ಅಳು ತಗ್ಗಿತು, ಸುಮಾರು ಅರ್ಧ ಮಕ್ಕಳು ನಿದ್ದೆಯನ್ನೂ ಮಾಡಿದವು. ಸುಮ್ಮನೆ ಕೂತು ಎತ್ತಿಕೊಂಡರೆ ಈ ಗುಣ ಇಲ್ಲ. ಇನ್ನೊಂದು ಸಂಗತಿ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ನಿದ್ದೆ ಬಂದ ತಕ್ಷಣ ಮಲಗಿಸಲು ಹೋದರೆ ನಮ್ಮ ಮೈಯಿಂದ ಅದರ ಮೈ ಬಿಡುವ ಗಳಿಗೆಗೇ ಎಚ್ಚರವಾಗುತ್ತದೆ. ಹಾಗಾಗಿ ನಿದ್ದೆ ಬಂದ ಮೇಲೆ ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಮಲಗಿಸಬೇಕು. ಎಂಟು ನಿಮಿಷ ಅಂದರೆ ಸಣ್ಣದು ಅನಿಸುತ್ತದೆ ಅಲ್ವಾ, ರಾತ್ರಿ ಹತ್ತು ಗಂಟೆಗೆ ಹಸಿದುಕೊಂಡು ಕೂತು ನೋಡಿ ಗೊತ್ತಾಗುತ್ತದೆ.

ಆದರೆ ದಿನವಿಡೀ ಎತ್ತಿಕೊಂಡೇ ಇದ್ದರೆ ಕಾಲಿಕ್ ಬರುವುದೇ ಇಲ್ಲ ಎಂದೇನೂ ಇಲ್ಲ. ಮಾಮೂಲಿ ಮಕ್ಕಳಲ್ಲಿ ಜಾಸ್ತಿ ಎತ್ತಿಕೊಂಡರೆ ಅಳು ಕಡಿಮೆಯಾಗುತ್ತದೆ ಎಂದು 1986ರಲ್ಲಿ ಕಂಡುಕೊಂಡ ರೊನಾಲ್ಡ್ ಬಾರ್ ಅವರೇ, ಐದು ವರ್ಷದ ನಂತರ ಕಾಲಿಕ್ ಮಕ್ಕಳಲ್ಲಿ ಅದು ಅಷ್ಟಾಗಿ ನಡೆಯುವುದಿಲ್ಲ ಎಂದೂ ತೋರಿಸಿದರು. "ಎತ್ತಿ ಎತ್ತಿ ಅಭ್ಯಾಸ ಮಾಡಿಟ್ಟಿದೀರ" ಎನ್ನುವವರ ಮಾತಿಗೂ ತಲೆ ಕೆಡಿಸಿಕೊಳ್ಳಬೇಡಿ. ಈ ವಯಸ್ಸಿನ ಮಗು ಎತ್ತಿಕೊಂಡರೆ ಹಾಳಾಗುವುದಿಲ್ಲ.

ನಡೆದು ಸುಸ್ತಾದರೆ ಮೊಣಕೈ ಹಿಡಿತ. ಮಗುವನ್ನು ನಮ್ಮ ಮುಂಗೈಯ ಮೇಲೆ ಬೋರಲು ಮಲಗಿಸಿಕೊಳ್ಳುವುದು, ಕೆನ್ನೆ ನಮ್ಮ ಮೊಣಕೈ ಮಡಿಕೆಯಲ್ಲಿ, ಕಾಲು ಆಚೆ ಈಚೆ ಇಳಿಬಿದ್ದಿರಬೇಕು, ಇನ್ನೊಂದು ಕೈ ಬೆನ್ನ ಮೇಲೆ. ಹೊಟ್ಟೆಗೆ ಹದವಾಗಿ ಒತ್ತು ಸಿಗುತ್ತದೆ. ಮಗಳಿಗೆ ಇದು ಬಲು ಇಷ್ಟ. ಬೋರಲು ಹಿಡಿಯುವುದು ನಾವು ಎಚ್ಚರವಿದ್ದು ಎತ್ತಿಕೊಂಡಾಗ ಮಾತ್ರ, ಮಲಗಿಸುವುದು ಯಾವಾಗಲೂ ಅಂಗಾತ. ಬಟ್ಟೆಯಲ್ಲಿ ಸುತ್ತುವುದಿದ್ದರೆ ಸೊಂಟ, ಕಾಲು ಸಡಿಲವಿರಲಿ, ಹೊರಳಲು ನೋಡಲು ಶುರುಮಾಡಿದರೆ ಸುತ್ತುವುದನ್ನು ನಿಲ್ಲಿಸಬೇಕು. ಶಬ್ದವೂ ಕೆಲಸ ಮಾಡುತ್ತದೆ. ಫ್ಯಾನ್, ನಲ್ಲಿಯ ನೀರು, ಶ್‌ಶ್ ಎನ್ನುವುದು. ಫೋನಿನಲ್ಲಿ ಹಾಕುವುದಾದರೆ ಕಿವಿಯ ಪಕ್ಕ ಇಡಬೇಡಿ, ಎರಡು ಮೀಟರ್ ದೂರ, ಸಣ್ಣ ದನಿ.

ಮತ್ತೆ ಸೋಫಾ. ಅರ್ಧ ರಾತ್ರಿಯಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ಒರಗಿದರೆ ಸ್ವರ್ಗ. ಒಂದು ಸಲ ನನಗೆ ಹಾಗೇ ಜೊಂಪು ಹತ್ತಿ, ಎಚ್ಚರವಾದಾಗ ಮಗಳು ನನ್ನ ತೋಳು ಮತ್ತು ದಿಂಬಿನ ನಡುವೆ ಜಾರಿದ್ದಳು. ಏನೂ ಆಗಲಿಲ್ಲ. ಆದರೆ ಮಕ್ಕಳು ನಿದ್ದೆಯಲ್ಲೇ ಉಸಿರು ನಿಂತು ಹೋಗುವ ಸಂದರ್ಭಗಳಲ್ಲಿ ಸೋಫಾ ತುಂಬಾ ಅಪಾಯದ ಜಾಗ. ಅವತ್ತಿನಿಂದ ಕಣ್ಣು ಎಳೆಯುತ್ತಿದೆ ಅನಿಸಿದರೆ ಹೆಂಡತಿಯನ್ನು ಎಬ್ಬಿಸುತ್ತಿದ್ದೆ, ಇಲ್ಲವೇ ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದೆ, ಅತ್ತರೂ ಸರಿ.

ಔಷಧಿ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಗ್ಯಾಸ್ ಒಡೆಯುವ ಸಿಮೆಥಿಕೋನ್ ಹನಿಯನ್ನು ಬರೀ ಹುಸಿ ಔಷಧಿಯ ಜೊತೆ ಹೋಲಿಸಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಡೈಸೈಕ್ಲೋಮಿನ್ ಇರುವ ಹನಿ ಆರು ತಿಂಗಳೊಳಗೆ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಿದೆ. ಮನೆಯಲ್ಲಿ ದೊಡ್ಡ ಮಗುವಿನ ಹೊಟ್ಟೆನೋವಿಗೆ ತಂದ ಹಳೇ ಬಾಟಲಿ ಇದ್ದರೆ ಲೇಬಲ್ ಓದಿ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಮಾಡಿದ್ದು, ಆಗ ಅದರಲ್ಲಿ ಆಲ್ಕೋಹಾಲ್ ಇತ್ತು, ಮಕ್ಕಳು ಯಾಕೆ ಮಲಗುತ್ತಿದ್ದವು ಎಂದು ಬಿಡಿಸಿ ಹೇಳಬೇಕಾ! ಈಗಿನದರಲ್ಲಿ ಅದಿಲ್ಲದಿದ್ದರೂ ಆರು ತಿಂಗಳವರೆಗೆ ಹಾಲು ಬಿಟ್ಟು ಬೇರೇನೂ ಬೇಡ ಎಂಬ ಮಾತು ಇದಕ್ಕೂ ಸೇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಹನಿಯಿಂದ ಎದೆಹಾಲು ಕುಡಿಯುವ ಮಕ್ಕಳಲ್ಲಿ ಸ್ವಲ್ಪ ಪ್ರಯೋಜನ ಕಂಡಿದೆ, ಬಾಟಲಿ ಹಾಲಿನ ಮಕ್ಕಳಲ್ಲಿ ಅಷ್ಟು ಖಚಿತವಿಲ್ಲ. ಡಾಕ್ಟರನ್ನು ಕೇಳಿಯೇ ಕೊಡಿ. ಇನ್ನು ಅಮ್ಮನ ಊಟದಲ್ಲಿ ಅದು ಬಿಡಿ, ಇದು ಬಿಡಿ ಎನ್ನುವುದು. ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಗಂಧೆ, ವಾಂತಿ ಇದ್ದು ಹಾಲಿನ ಅಲರ್ಜಿ ಇರಬಹುದು ಎಂದು ಡಾಕ್ಟರಿಗೆ ಅನಿಸಿದರೆ ಕೆಲವು ವಾರ ಬಿಟ್ಟು ನೋಡಲು ಹೇಳುತ್ತಾರೆ. ಅದಿಲ್ಲದೆ ಬಾಣಂತಿಯನ್ನು ಉಪವಾಸ ಕೆಡವಬೇಡಿ.

ಈಗ ಆ ಹೊಡೆದುಹಾಕಿದ ಸಾಲಿನ ವಿಷಯ. ಇದನ್ನು ಬರೆಯಬೇಕಾ ಬೇಡವಾ ಎಂದು ಎರಡು ದಿನ ಯೋಚಿಸಿದೆ.

ಆರನೇ ವಾರದ ಆ ರಾತ್ರಿ ನಾಲ್ಕನೇ ಗಂಟೆ ನಡೆಯುತ್ತಿತ್ತು. ಹೆಂಡತಿ ಒಳಗೆ ಮಲಗಿದ್ದಳು, ಅವಳಿಗೆ ಸ್ವಲ್ಪ ಜ್ವರ. ನಾನೊಬ್ಬನೇ. ಒಂದು ಗಳಿಗೆಯಲ್ಲಿ ನನ್ನ ಎರಡೂ ಕೈ ಮಗಳ ಪಕ್ಕೆಲುಬಿನ ಸುತ್ತ ಬಿಗಿಯಾಗುವುದು ನನಗೇ ಗೊತ್ತಾಯಿತು. ಪ್ರೀತಿಯಿಂದ ಹಿಡಿದ ಬಿಗಿ ಅಲ್ಲ ಅದು. 'ನಿಲ್ಲಿಸು' ಎಂದು ಒಂದೇ ಒಂದು ಸಲ ಅಲ್ಲಾಡಿಸಬೇಕು ಅನಿಸಿತು. ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಇಂಥವನಿಗೂ ಅನಿಸಿತು. ಮಗಳನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನೆಲದ ಮೇಲೆ ಕೂತೆ. ಹತ್ತು ನಿಮಿಷ. ಅವಳು ಅಳುತ್ತಲೇ ಇದ್ದಳು. ಆಮೇಲೆ ವಾಪಸ್ ಹೋಗಿ ಎತ್ತಿಕೊಂಡೆ.

ಅತ್ತು ಮಗುವಿಗೆ ಏನೂ ಆಗುವುದಿಲ್ಲ. ಅಲ್ಲಾಡಿಸಿದರೆ ಆಗುತ್ತದೆ. ಆ ವಯಸ್ಸಿನಲ್ಲಿ ತಲೆ ಭಾರ, ಕತ್ತು ಬಲವಿಲ್ಲದ್ದು, ಕೆಲವೇ ಸೆಕೆಂಡಿನ ಕುಲುಕಾಟಕ್ಕೆ ಮಿದುಳಿನೊಳಗೆ ರಕ್ತ ಸೋರುತ್ತದೆ, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಹೀಗೆ ಗಾಯವಾಗಿ ಆಸ್ಪತ್ರೆ ಸೇರಿದ ಮಕ್ಕಳ ವಯಸ್ಸನ್ನು ಗೀಟು ಹಾಕಿ ನೋಡಿದರೆ ಅಳುವಿನ ಆ ಗುಡ್ಡದ ಆಕಾರವೇ ಬರುತ್ತದೆ, ಕೆಲವು ವಾರ ಆಚೆಗೆ ಸರಿದು. ಅಂದರೆ ಇದನ್ನು ಮಾಡುವವರು ಎಲ್ಲೋ ಇರುವ ರಾಕ್ಷಸರಲ್ಲ, ನನ್ನ ಹಾಗೆ ಸುಸ್ತಾದವರು. ಹಾಗಾಗಿ ಕೈ ಬಿಗಿಯಾದರೆ ಮಗುವನ್ನು ಕೆಳಗಿಡಿ, ಕೋಣೆಯಿಂದ ಆಚೆ ಬನ್ನಿ, ಯಾರಿಗಾದರೂ ಫೋನ್ ಮಾಡಿ. ಮರುದಿನ ಬೆಳಿಗ್ಗೆ ಇದನ್ನು ಹೆಂಡತಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. "ನನಗೆ ಹೋದ ವಾರನೇ ಅನ್ಸಿತ್ತು, ಹೇಳೋಕೆ ಹೆದರಿಕೆ ಆಯ್ತು" ಎಂದಳು.

ಆಮೇಲೆ ಸಂಜೆಯನ್ನು ಹಂಚಿಕೊಂಡೆವು. ಆರೂವರೆಯಿಂದ ಎಂಟು ನಾನು, ಆಗ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಇನ್ನೊಂದು ಕೋಣೆಯಲ್ಲಿ. ಎಂಟರಿಂದ ಅವಳು, ನಾನು ಮನೆಯಿಂದಲೇ ಆಚೆ. ಅಮ್ಮ ಬಂದ ದಿನ ಇಬ್ಬರೂ ಆಚೆ. ಬೆಳಗಿನ ಹೊತ್ತು, ಮಗು ಚೆನ್ನಾಗಿರುವಾಗಲೂ, ಅಮ್ಮನ ಮುಖ ಬಾಡಿಕೊಂಡೇ ಇದ್ದರೆ, ನಿದ್ದೆ ಮಾಡಲು ಅವಕಾಶವಿದ್ದರೂ ನಿದ್ದೆ ಬರದಿದ್ದರೆ, ಅದನ್ನು ಬರೀ ಸುಸ್ತು ಎಂದು ತಳ್ಳಿಹಾಕದೆ ಡಾಕ್ಟರಿಗೆ ಹೇಳಿ. ಅಪ್ಪಂದಿರಿಗೂ ಹೀಗಾಗುತ್ತದೆ.

ಒಂಬತ್ತನೇ ವಾರ: 2 ಗಂಟೆ 20 ನಿಮಿಷ. ಹನ್ನೊಂದನೇ ವಾರ: 1 ಗಂಟೆ 5 ನಿಮಿಷ. ಹದಿಮೂರನೇ ವಾರದ ಒಂದು ದಿನ ಏಳೂವರೆಯಾದರೂ ಮನೆ ಸುಮ್ಮನಿತ್ತು. ನಾವಿಬ್ಬರೂ ಗಾಬರಿಯಾಗಿ ಜ್ವರ ನೋಡಿದೆವು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆವು. ಮಗಳು ಫ್ಯಾನ್ ನೋಡುತ್ತಾ ಮಲಗಿದ್ದಳು. ನೋಟ್‌ಬುಕ್‌ನಲ್ಲಿ ಆ ದಿನದ ಸಾಲು: "7:40. ಅಳಲಿಲ್ಲ. ಯಾಕೆ?" ಡಾಕ್ಟರ ಮಾತು ಸುಳ್ಳು ಎಂದು ತೋರಿಸಲು ನನಗೆ ಆಗಲೇ ಇಲ್ಲ.

ನಿನ್ನೆ ರಾತ್ರಿ ತಂಗಿ ಒಂದು ಫೋಟೋ ಕಳಿಸಿದಳು. ಹಳೇ ಡೈರಿಯ ಹಾಳೆ. 6:50ಕ್ಕೆ ಶುರು, 9:15ಕ್ಕೆ ನಿಂತಿತು, ಬೆರಳು ನೋಡಿ ಆಯಿತು, ಜ್ವರ ಇಲ್ಲ. ಅದರ ಕೆಳಗೆ ಅವಳ ಗಂಡನ ಕೈಬರಹ, ಎರಡು ಸಲ ಅಡಿಗೆರೆ ಎಳೆದಿದ್ದಾನೆ: "ಮಿಕ್ಸಿ ಶಬ್ದಕ್ಕೆ 12 ನಿಮಿಷ ಸುಮ್ಮನಿದ್ದ. ಮಿಕ್ಸಿ ಬಿಸಿಯಾಯಿತು."